ಐದು ದಿನದ ವೆಲ್ಷ್ ಕ್ಲಾಸು, ಒಂದು ಜಗ್ ಹಾಲು: ನಾಂಟ್ ಗುರ್ಥೈರ್ನ್ ಹೇಗಿದೆ?

ಶನಿವಾರ, ಭಾನುವಾರ ನಾನು ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಹನ್ನೊಂದು ವರ್ಷವಾಯಿತು. ಹನುಮಂತನಗರದಿಂದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತೆ. ಬರುವವರು ಒಡಿಶಾ, ಬಿಹಾರ, ಕೇರಳ, ದೆಹಲಿ ಕಡೆಯ ಹುಡುಗ ಹುಡುಗಿಯರು. ಕಲಿಯುವ ಆಸೆ ನಿಜವಾಗಿಯೂ ಇದೆ. ಆದರೂ ಹತ್ತು ಜನ ಸೇರಿದರೆ ಮೂರು ತಿಂಗಳಿಗೆ ಮೂರೋ ನಾಲ್ಕೋ ಜನ ಉಳಿದಿರುತ್ತಾರೆ. ಬಿಟ್ಟವರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: "ಮೇಡಂ, ನಾವು ಕನ್ನಡದಲ್ಲಿ ಶುರು ಮಾಡ್ತೀವಿ, ಅವರು ಹಿಂದಿಯಲ್ಲಿ ಉತ್ತರ ಕೊಡ್ತಾರೆ."

ಈ ಮಾತು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿತ್ತು. ಹೋದ ಮೇ ತಿಂಗಳು ಮಗನ ಮನೆಗೆ ಮ್ಯಾಂಚೆಸ್ಟರ್‌ಗೆ ಹೋಗುವಾಗಲೇ ಅವನಿಗೆ ಹೇಳಿಬಿಟ್ಟಿದ್ದೆ. ಲಂಡನ್ ಆಮೇಲೆ ನೋಡೋಣ, ಮೊದಲು ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ ಒಂದು ಕಣಿವೆ ಇದೆ, ಅಲ್ಲಿಗೆ ಕರೆದುಕೊಂಡು ಹೋಗು ಅಂತ. ವೆಲ್ಷ್ ಅನ್ನುವ ಅಲ್ಲಿನ ಸಣ್ಣ ಭಾಷೆಯನ್ನು ಹೊರಗಿನವರಿಗೆ ಕಲಿಸುವುದಕ್ಕಾಗಿಯೇ ಪಾಳು ಬಿದ್ದ ಊರನ್ನು ಮತ್ತೆ ಎಬ್ಬಿಸಿದ್ದಾರೆ ಅಂತ ಓದಿದ್ದೆ. ಅಲ್ಲಿ ಐದು ದಿನ ಇದ್ದು, ಆರಂಭಿಕರ ಕೋರ್ಸ್ ಮಾಡಿಕೊಂಡು ಬಂದೆ. ಮಕ್ಕಳ ಮನೆಗೆ ಅಂತ ಇಂಗ್ಲೆಂಡಿಗೆ ಹೋಗುವ ನಮ್ಮ ಕಡೆಯವರು ಈಗ ಜಾಸ್ತಿ ಇದ್ದಾರಲ್ವಾ, ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಜಾಗದ ಹೆಸರು ನಾಂಟ್ ಗುರ್ಥೈರ್ನ್. ವೇಲ್ಸ್‌ನ ವಾಯುವ್ಯ ಮೂಲೆಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ಲ್ಲೀನ್ ಅನ್ನುವ ಭೂಭಾಗದಲ್ಲಿದೆ. ನಾಂಟ್ ಅಂದರೆ ಹಳ್ಳ, ತೊರೆ. ಬಂದವರೆಲ್ಲ ಸುಮ್ನೆ "ನಾಂಟ್" ಅಂತಲೇ ಕರೆಯುತ್ತಾರೆ. ಮೇಲೆ ಬೆಟ್ಟದ ತಲೆಯಲ್ಲಿ ಲ್ಲಿಥ್ವೈನ್ ಅನ್ನುವ ಹಳ್ಳಿ. ಅಲ್ಲಿಂದ ಕೆಳಗೆ ಕಣಿವೆಗೆ ಇಳಿಯಬೇಕು. ರಸ್ತೆ ಹೇಗಿದೆ ಅಂದರೆ, ಆಗುಂಬೆ ಘಾಟಿಯ ಒಂದೆರಡು ತಿರುವನ್ನು ಕತ್ತರಿಸಿ ತಂದು ಸಮುದ್ರದ ಪಕ್ಕ ಇಟ್ಟ ಹಾಗೆ. ಮಗ ಮೊದಲ ಗೇರಿನಲ್ಲೇ ಇಳಿಸಿದ. ಕೆಳಗೆ ಎರಡು ಸಾಲು ಕಲ್ಲಿನ ಮನೆಗಳು, ಒಂದು ಪ್ರಾರ್ಥನಾ ಮಂದಿರ, ಆಚೆ ಸಮುದ್ರ. ಅಷ್ಟೇ ಊರು.

ಇದು ಕಲ್ಲುಕುಟಿಗರ ಊರು. 19ನೇ ಶತಮಾನದಲ್ಲಿ ಇಲ್ಲಿ ಗ್ರಾನೈಟ್ ಗಣಿ ಶುರುವಾಯಿತು. ಕೆಲಸದವರಿಗಾಗಿ 1878ರಲ್ಲಿ ಈ 26 ಮನೆಗಳನ್ನು ಕಟ್ಟಿದರು. ನಮ್ಮ ಸೈಜುಗಲ್ಲಿನ ಹಾಗೆ ಚೌಕ ಕಡಿದ ಕಲ್ಲುಗಳು ಹಡಗು ಹತ್ತಿ ಲಿವರ್‌ಪೂಲ್, ಮ್ಯಾಂಚೆಸ್ಟರ್ ಕಡೆಗೆ ಹೋಗಿ ಅಲ್ಲಿನ ಬೀದಿಗಳಿಗೆ ಹಾಸಾದವು. ಮಗ ದಿನಾ ಓಡಾಡುವ ಊರಿನ ಹಳೇ ಬೀದಿಗಳಿಗೂ ಈ ಕಣಿವೆಗೂ ಸಂಬಂಧ ಇದೆ ಅಂತ ತಿಳಿದು ಅವನಿಗೂ ಆಶ್ಚರ್ಯ. ಆಮೇಲೆ ಗಣಿ ಮುಚ್ಚಿತು. ಜನ ಒಬ್ಬೊಬ್ಬರಾಗಿ ಬೆಟ್ಟ ಹತ್ತಿ ಹೋದರು. 1959ರ ಹೊತ್ತಿಗೆ ಕೊನೆಯವರೂ ಖಾಲಿ ಮಾಡಿದರು. ಮಾಡು ಬಿದ್ದವು, ಬಾಗಿಲು ಕಿಟಕಿ ಹೋದವು.

ಅದನ್ನು ಮತ್ತೆ ಎಬ್ಬಿಸಿದ್ದು ಒಬ್ಬ ಡಾಕ್ಟರ್. ಹೆಸರು ಕಾರ್ಲ್ ಕ್ಲೌಸ್. ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದವರು, ವೆಲ್ಷ್ ಕಲಿತು ಪಕ್ಕದ ಹಳ್ಳಿ ಲ್ಲಾನೈಲ್‌ಹೈಆರ್ನ್‌ಗೆ ವೈದ್ಯರಾಗಿ ಬಂದರು. ಊರಿನ ಶಾಲೆ ಮುಚ್ಚುವ ಮಾತು ಬಂದಾಗ ಊರವರನ್ನೇ ಸೇರಿಸಿಕೊಂಡು 1974ರಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ಆಮೇಲೆ ಈ ಪಾಳು ಊರಿನ ಮೇಲೆ ಕಣ್ಣು ಬಿತ್ತು. ಇಲ್ಲಿ ಭಾಷೆ ಕಲಿಸಿದರೆ ಭಾಷೆಗೂ ಒಳ್ಳೆಯದು, ಸುತ್ತಲಿನ ಹಳ್ಳಿಯವರಿಗೆ ಕೆಲಸವೂ ಸಿಗುತ್ತೆ ಅನ್ನುವುದು ಅವರ ಲೆಕ್ಕ. ಬರೀ ಭಾಷಾಭಿಮಾನ ಅಲ್ಲ, ಹೊಟ್ಟೆಪಾಡನ್ನೂ ಜೊತೆಗೆ ಯೋಚಿಸಿದರಲ್ಲ, ಅದು ನನಗೆ ತುಂಬಾ ಹಿಡಿಸಿತು. 1978ರಲ್ಲಿ ಟ್ರಸ್ಟ್ ಮೂಲಕ ಊರನ್ನು ಕೊಂಡರು. 1982ರಲ್ಲಿ ಮೊದಲ ಕ್ಲಾಸು ನಡೆಯಿತು.

1982 ಅಂದ ತಕ್ಷಣ ನನಗೆ ಗೋಕಾಕ್ ಚಳವಳಿ ನೆನಪಾಯಿತು. ಆಗ ನಾನು ಹೈಸ್ಕೂಲು. ರಾಜ್‌ಕುಮಾರ್ ಬರ್ತಾರೆ ಅಂತ ಅಪ್ಪನ ಹೆಗಲ ಪಕ್ಕ ನಿಂತು ಕಾದಿದ್ದೆ. ಅದೇ ವರ್ಷ ಅಲ್ಲಿ ವೆಲ್ಷ್ ಭಾಷೆಯ ಟಿವಿ ಚಾನೆಲ್ ಕೂಡ ಶುರುವಾಯಿತು. ಎಸ್‌ಫೋರ್‌ಸಿ ಅಂತ ಅದರ ಹೆಸರು. ಕೊಟ್ಟ ಮಾತಿಗೆ ಸರ್ಕಾರ ತಪ್ಪಿದಾಗ ಗ್ವಿನ್ವೊರ್ ಎವಾನ್ಸ್ ಅನ್ನುವ ಹಿರಿಯ ನಾಯಕರು ಸಾಯುವ ತನಕ ಉಪವಾಸ ಕೂರುತ್ತೇನೆ ಅಂದಿದ್ದರು. ಆಮೇಲೆ ಬಂದ ಚಾನೆಲ್ಲು. ಶುರುವಾದ ದಿನ ಯಾವುದು ಗೊತ್ತಾ? ನವೆಂಬರ್ 1. ಕ್ಲಾಸಿನಲ್ಲಿ ಇದನ್ನು ಕೇಳಿ, ಅದು ನಮ್ಮ ರಾಜ್ಯೋತ್ಸವದ ದಿನ ಅಂತ ಎಲ್ಲರಿಗೂ ಹೇಳಿದೆ. ಹೇಳದೆ ಇರೋಕೆ ಆಗಲಿಲ್ಲ.

ಈಗ ಕ್ಲಾಸಿನ ವಿಷಯ. ಬೆಳಿಗ್ಗೆಯಿಂದ ಸಂಜೆ ತನಕ, ನಡುವೆ ಊಟ, ಟೀ. ನಮ್ಮ ಬ್ಯಾಚಿನಲ್ಲಿ ಒಂಬತ್ತು ಜನ. ಇಂಗ್ಲೆಂಡಿನಿಂದ ಬಂದು ಹತ್ತಿರದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಇಬ್ಬರು ನರ್ಸ್‌ಗಳು, ವೆಲ್ಷ್ ಹುಡುಗಿಯನ್ನು ಮದುವೆಯಾದ ಒಬ್ಬರು, ಅಜ್ಜಿಯ ಭಾಷೆ ಕೈತಪ್ಪಿ ಹೋಯಿತಲ್ಲ ಅಂತ ಅರವತ್ತು ದಾಟಿದ ಮೇಲೆ ಕಲಿಯಲು ಬಂದ ಒಬ್ಬರು. ಅವರ ಜೊತೆ ಬೆಂಗಳೂರಿನ ನಾನು. ಟೀಚರ್ ಮೊದಲ ದಿನ ಬರೆಸಿದ್ದು ಒಂದು ಸಾಲು: "ದ್ವಿನ್ ದಸ್ಗಿ ಕಮ್ರೈಗ್." ನಾನು ವೆಲ್ಷ್ ಕಲಿಯುತ್ತಿದ್ದೇನೆ ಅಂತ ಅರ್ಥ. ಅವರ ಬಾಯಲ್ಲಿ ಅವರ ಭಾಷೆ ಕಮ್ರೈಗ್, ದೇಶ ಕಮ್ರಿ. ಈ ಒಂದು ವಾಕ್ಯ ಎಲ್ಲಿ ಬೇಕಾದರೂ ಹೇಳಿ, ಮಿಕ್ಕಿದ್ದು ಅವರು ನೋಡಿಕೊಳ್ಳುತ್ತಾರೆ ಅಂದರು ಟೀಚರ್.

ಎರಡನೇ ದಿನ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಟೀಚರ್ ಬೋರ್ಡಿನ ಮೇಲೆ ಟೀಗೆ "ತೇ" ಅಂತ ಬರೆದರು. ಒಂದು ಕಪ್ ಟೀ ಅನ್ನುವಾಗ "ಪಾನೆಡ್ ಓ ದೇ". ತೇ ಹೋಗಿ ದೇ ಆಯಿತು. ಬೆಕ್ಕಿಗೆ "ಕಾಥ್", ಆ ಬೆಕ್ಕು ಅನ್ನುವಾಗ "ಅ ಗಾಥ್". ಸೇತುವೆಗೆ "ಪಾಂಟ್", ಆ ಸೇತುವೆ "ಅ ಬಾಂಟ್". ಪಕ್ಕದಲ್ಲಿ ಕೂತ ನರ್ಸ್ ತಲೆ ಮೇಲೆ ಕೈ ಇಟ್ಟುಕೊಂಡರು. ಪದದ ಮೊದಲ ಅಕ್ಷರವೇ ಬದಲಾದರೆ ಡಿಕ್ಷನರಿಯಲ್ಲಿ ಹುಡುಕೋದು ಹೇಗೆ ಅಂತ ಅವರ ಸಂಕಟ. ನನಗೋ ಕೂತಲ್ಲೇ ಮೈ ಜುಮ್ ಅಂದಿತು. ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ. ಇದು ನಾವು ಏಳನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಆದೇಶ ಸಂಧಿಯ ಅಕ್ಷರಗಳೇ ಅಲ್ವಾ! ಮಳೆ, ಕಾಲ ಸೇರಿ ಮಳೆಗಾಲ. ಹೂ, ತೋಟ ಸೇರಿ ಹೂದೋಟ. ಕಣ್, ಪನಿ ಸೇರಿ ಕಂಬನಿ.

ಎದ್ದು ನಿಂತು ಹೇಳಿದೆ. ಟೀಚರ್ ಮಾರ್ಕರನ್ನು ನನ್ನ ಕೈಗೆ ಕೊಟ್ಟರು. ವೇಲ್ಸ್‌ನ ಒಂದು ಕಣಿವೆಯ ಬೋರ್ಡಿನ ಮೇಲೆ ಹೂದೋಟ, ಮಳೆಗಾಲ, ಕಂಬನಿ ಅಂತ ಕನ್ನಡದಲ್ಲಿ ಬರೆದೆ. ಅವರು ಮುಂದುವರಿಸಿ ಮ ಕೂಡ ವ ಆಗುತ್ತೆ ಅಂದರು. ಅಮ್ಮನಿಗೆ "ಮಾಮ್", ನಿನ್ನ ಅಮ್ಮ ಅನ್ನುವಾಗ "ದ ವಾಮ್". ನಮ್ಮ ಹಳಗನ್ನಡದ ಮೆಲ್ವಾತು ಇದೆಯಲ್ಲ, ಮೆಲ್ ಮತ್ತು ಮಾತು ಸೇರಿದ್ದು, ಅದನ್ನೂ ಬರೆದೆ. ಎರಡೂ ಒಂದೇ ನಿಯಮ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಎರಡು ಪದ ಅಂಟಿಕೊಂಡು ಒಂದಾಗುವಾಗ ಹೀಗಾಗುತ್ತೆ. ಅವರಲ್ಲಿ ಪದಗಳು ಬೇರೆ ಬೇರೆಯೇ ನಿಂತಿರುತ್ತವೆ, ಹಿಂದಿನ ಪದದ ಗಾಳಿ ಸೋಕಿ ಮುಂದಿನದು ಮೆತ್ತಗಾಗುತ್ತೆ. ಆದರೆ ನಾಲಿಗೆಗೆ ಗೊತ್ತಿರುವ ಬದಲಾವಣೆ ಅದೇ. ಕನ್ನಡದವರಿಗೆ ಈ ಪಾಠ ಅರ್ಧ ಮೊದಲೇ ಬಂದಿರುತ್ತೆ. ಕಷ್ಟ ಆಗೋದು "ಲ್ಲ" ಥರದ ಒಂದು ಅಕ್ಷರ. ನಾಲಿಗೆಯನ್ನು ಲ ಹೇಳುವ ಜಾಗದಲ್ಲಿಟ್ಟು ಪಕ್ಕದಿಂದ ಬರೀ ಗಾಳಿ ಬಿಡಬೇಕು. ಐದು ದಿನವೂ ನನಗೆ ಸರಿಯಾಗಿ ಬರಲಿಲ್ಲ.

ಬುಧವಾರ ಮಧ್ಯಾಹ್ನ ಟೀ ಕುಡಿಯೋಣ ಅಂತ ಕೆಳಗಿನ ಕೆಫೆಗೆ ಹೋದೆ. ಕಾವಿ ಮೈನಿರ್ ಅಂತ ಹೆಸರು. ಮೈನಿರ್ ಈ ಕಣಿವೆಯ ಕತೆಯ ಹುಡುಗಿ. ಮದುವೆ ದಿನ ಶಾಸ್ತ್ರಕ್ಕಾಗಿ ಅಡಗಿಕೊಳ್ಳಲು ಹೋಗಿ ಟೊಳ್ಳು ಓಕ್ ಮರದಲ್ಲಿ ಸಿಕ್ಕಿಕೊಂಡಳು. ಎಷ್ಟೋ ಕಾಲದ ಮೇಲೆ ಸಿಡಿಲು ಬಡಿದು ಮರ ಸೀಳಿದಾಗ ಅವಳ ಮೂಳೆಗಳು ಸಿಕ್ಕವು. ಹುಡುಗನ ಹೆಸರು ರೀಸ್. ಕತೆ ಕೇಳಿದ ಮೇಲೆ ಆ ಹೆಸರಿನ ಕೆಳಗೆ ಕೂತು ಟೀ ಕುಡಿಯುವುದು ಒಂಥರಾ ಭಾರ ಅನಿಸುತ್ತೆ.

ಕೌಂಟರಿನಲ್ಲಿದ್ದವರು ಎದೆಯ ಮೇಲೆ ಕಿತ್ತಳೆ ಬಣ್ಣದ ಸಣ್ಣ ಬ್ಯಾಡ್ಜ್ ಹಾಕಿದ್ದರು. ಮಾತಿನ ಗುಳ್ಳೆಯ ಆಕಾರ, "ಕಮ್ರೈಗ್" ಅಂತ ಬರೆದಿರುತ್ತೆ. ನನಗೆ ವೆಲ್ಷ್ ಬರುತ್ತೆ, ಧೈರ್ಯವಾಗಿ ಮಾತಾಡಿ ಅಂತ ಅದರ ಅರ್ಥ. ವೇಲ್ಸ್ ಪೂರ್ತಿ ಅಂಗಡಿ, ಆಸ್ಪತ್ರೆ, ಆಫೀಸಿನವರು ಹಾಕುತ್ತಾರೆ. ಕಲಿಯುತ್ತಿರುವವರಿಗೂ ಬೇರೆ ಬ್ಯಾಡ್ಜ್ ಇದೆ. ನಾನು ರೂಮಿನಲ್ಲಿ ಹತ್ತು ಸಲ ಹೇಳಿಕೊಂಡು ಬಂದ ವಾಕ್ಯ ಶುರು ಮಾಡಿದೆ. "ಪಾನೆಡ್ ಓ ದೇ..." ಆಮೇಲೆ ದಯವಿಟ್ಟು ಅನ್ನುವ ಮಾತು ನಾಲ್ಕು ಪದದ್ದು. ಅದು ಗಂಟಲಲ್ಲೇ ನಿಂತಿತು.

ಹಿಂದೆ ಇಬ್ಬರು ಕ್ಯೂನಲ್ಲಿದ್ದರು. ಆ ಹೆಂಗಸು ಅವಸರ ಮಾಡಲಿಲ್ಲ. ನನ್ನ ವಾಕ್ಯವನ್ನು ತಾವು ಮುಗಿಸಲಿಲ್ಲ. ಕೈಯಲ್ಲಿ ಕಪ್ ಹಿಡಿದುಕೊಂಡು, ನನ್ನ ಮುಖ ನೋಡುತ್ತಾ ಸುಮ್ನೆ ನಿಂತಿದ್ದರು. ಹಿಂದಿದ್ದವರೂ ಹಾಗೇ ನಿಂತರು. ಕೊನೆಗೆ ಹೇಗೋ ಹೊರಗೆ ಬಂತು: "ಓಸ್ ಗ್ವೆಲುಖ್ ಅನ್ ಧಾ." ಅವರು ತಲೆಯಾಡಿಸಿ "ಲ್ಲೆವ್ರಿಥ್?" ಅಂತ ಕೇಳಿದರು. ಅರ್ಥವಾಗಲಿಲ್ಲ. ಆಗ ಇಂಗ್ಲಿಷಿಗೆ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಹಾಲಿನ ಜಗ್ ಎತ್ತಿ ತೋರಿಸಿ, ನಿಧಾನವಾಗಿ ಅದೇ ಮಾತನ್ನು ಮತ್ತೆ ಹೇಳಿದರು. ಲ್ಲೆವ್ರಿಥ್. ಹಾಲು. ಇನ್ನು ಜನ್ಮದಲ್ಲಿ ನಾನು ಆ ಪದ ಮರೆಯುವುದಿಲ್ಲ. ದಕ್ಷಿಣ ವೇಲ್ಸ್‌ನಲ್ಲಿ ಹಾಲಿಗೆ ಬೇರೆಯೇ ಪದ ಅಂತೆ, ನಮ್ಮಲ್ಲಿ ಮೈಸೂರು ಕಡೆ ಜನ, ಧಾರವಾಡದ ಕಡೆ ಮಂದಿ ಅನ್ನುವ ಹಾಗೆ. ನನಗೆ ಮಾತ್ರ ಹಾಲು ಅಂದರೆ ಇನ್ನು ಲ್ಲೆವ್ರಿಥೇ.

ಟೀ ಜೊತೆ ಬಾರಾ ಬ್ರೀಥ್ ತಗೊಂಡೆ. ಒಣದ್ರಾಕ್ಷಿಯನ್ನು ಟೀಯಲ್ಲಿ ನೆನೆಸಿ ಮಾಡುವ ಸಿಹಿ ಬ್ರೆಡ್ಡು, ಮೇಲೆ ಬೆಣ್ಣೆ. ತುಂಬಾ ಚೆನ್ನಾಗಿತ್ತು. ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ತಿನ್ನದವರು ಕೇಳಿ ತಗೊಳ್ಳಿ. ಊಟದಲ್ಲಿ ಸಸ್ಯಾಹಾರ ಬೇಕು ಅಂತ ಬುಕ್ ಮಾಡುವಾಗಲೇ ಬರೆದಿದ್ದೆ, ತೊಂದರೆ ಆಗಲಿಲ್ಲ. ಆದರೂ ಪುಳಿಯೋಗರೆ ಗೊಜ್ಜಿನ ಡಬ್ಬಿ ಜೊತೆಗಿದ್ದದ್ದು ಒಳ್ಳೆಯದಾಯಿತು. ಸಪ್ಪೆ ಆಲೂಗಡ್ಡೆಗೆ ಅದನ್ನು ಕಲಸಿಕೊಂಡದ್ದನ್ನು ನೋಡಿ ಅಜ್ಜಿಯ ಭಾಷೆ ಕಲಿಯಲು ಬಂದಿದ್ದವರು ಒಂದು ಚಮಚ ಕೇಳಿ ಹಾಕಿಸಿಕೊಂಡರು.

ರೂಮುಗಳು ಹಳೇ ಕಲ್ಲುಕುಟಿಗರ ಮನೆಗಳಲ್ಲೇ ಇವೆ. ಒಳಗೆ ಬೆಚ್ಚಗೆ, ಚೊಕ್ಕಟವಾಗಿವೆ. ಹಳೇ ಪ್ರಾರ್ಥನಾ ಮಂದಿರದಲ್ಲಿ ಊರಿನ ಚರಿತ್ರೆಯ ಪ್ರದರ್ಶನ ಇದೆ, ಒಂದು ಗಂಟೆ ಇಟ್ಟುಕೊಳ್ಳಿ.

ಗುರುವಾರ ಸಂಜೆ ಬೆಟ್ಟ ಹತ್ತಿ ಲ್ಲಿಥ್ವೈನ್‌ಗೆ ಹೋದೆವು. ಅಲ್ಲಿನ ಪಬ್ಬು ತಾವರ್ನ್ ಅ ವಿಕ್. 1988ರಲ್ಲಿ ಊರವರೇ ದುಡ್ಡು ಹಾಕಿ ಕೊಂಡು, ಅಂದಿನಿಂದ ತಾವೇ ನಡೆಸಿಕೊಂಡು ಬಂದಿದ್ದಾರೆ. ನಾನು ಕುಡಿಯುವವಳಲ್ಲ. ಕಿತ್ತಳೆ ಜ್ಯೂಸ್ ಹಿಡಿದುಕೊಂಡು ಮೂಲೆಯಲ್ಲಿ ಕೂತೆ. ನಮ್ಮ ಕಡೆ ಅರಳಿಕಟ್ಟೆಯ ಕೆಲಸವನ್ನು ಅಲ್ಲಿ ಆ ಪಬ್ಬು ಮಾಡುತ್ತಿದೆ. ಮುದುಕರು, ಹುಡುಗರು, ಮಗುವನ್ನು ಎತ್ತಿಕೊಂಡ ತಾಯಿ, ಎಲ್ಲರ ಬಾಯಲ್ಲೂ ವೆಲ್ಷ್. ಕುರಿ, ಮಳೆ, ಯಾರದೋ ಮದುವೆ. ಭಾಷೆ ಉಳಿಸುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅವರ ಪಾಡಿಗೆ ಅವರು ಹರಟೆ ಹೊಡೆಯುತ್ತಿದ್ದರು. ಅದನ್ನು ನೋಡಿ ನನ್ನ ಕಣ್ಣು ತುಂಬಿತು.

ಪಕ್ಕದಲ್ಲಿದ್ದ ಹಿರಿಯರು ಒಬ್ಬರು ಒಂದು ಕಷ್ಟ ಹೇಳಿಕೊಂಡರು. ಹೊರಗಿನ ದುಡ್ಡಿನವರು ರಜಾ ಮನೆ ಅಂತ ಕೊಳ್ಳುತ್ತಾರೆ, ಬೆಲೆ ಏರುತ್ತೆ, ಊರಿನ ಹುಡುಗರಿಗೆ ಮನೆ ಸಿಗುವುದಿಲ್ಲ. ಅವರು ಹೋದರೆ ಭಾಷೆಯೂ ಅವರ ಜೊತೆ ಹೋಗುತ್ತೆ. ಇದಕ್ಕಾಗಿಯೇ ಗ್ವಿನೆಥ್ ಕೌನ್ಸಿಲ್ 2023ರ ಏಪ್ರಿಲ್‌ನಿಂದ ಎರಡನೇ ಮನೆಗಳಿಗೆ ಮಾಮೂಲಿ ತೆರಿಗೆಯ ಮೇಲೆ ಇನ್ನೂ ಶೇಕಡ 150 ಜಾಸ್ತಿ ಹಾಕಲು ಶುರು ಮಾಡಿತು. ಆ ಜಿಲ್ಲೆಯಲ್ಲಿ 2021ರ ಜನಗಣತಿ ಪ್ರಕಾರ ಶೇಕಡ 64 ಜನ ವೆಲ್ಷ್ ಆಡುತ್ತಾರೆ. ವೇಲ್ಸ್ ಪೂರ್ತಿ ಲೆಕ್ಕ ಹಾಕಿದರೆ ಶೇಕಡ 17.8 ಮಾತ್ರ, ಸುಮಾರು 5 ಲಕ್ಷ 38 ಸಾವಿರ ಜನ. ಕನ್ನಡ ಮನೆಮಾತಿನವರು 2011ರಲ್ಲೇ 4 ಕೋಟಿ 37 ಲಕ್ಷ ಇದ್ದೇವೆ. ಆ ಹಿರಿಯರಿಗೆ ಈ ಸಂಖ್ಯೆ ಹೇಳಿದಾಗ ಅವರು ನನ್ನನ್ನೇ ನೋಡಿದರು. "ಅಷ್ಟು ಜನ ಇದ್ದೂ ನಿಮಗೆ ಯಾಕೆ ಚಿಂತೆ?" ಅಂತ ಕೇಳಿದರು. ಸಿಲ್ಕ್ ಬೋರ್ಡ್‌ನಿಂದ ಆಚೆಗೆ ಏನಾಗುತ್ತಿದೆ ಅಂತ ನನ್ನ ಹರಕು ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಿವರಿಸಿದೆ.

ಇನ್ನೊಂದು ವಿಷಯ. ಹಿಂದಿರುವ ಬೆಟ್ಟದ ಹೆಸರು ಅರ್ ಐವ್ಲ್. ಇಂಗ್ಲಿಷಿನವರು ಬಾಯಿ ತಿರುಗದೆ ಅದನ್ನು "ದಿ ರೈವಲ್ಸ್" ಮಾಡಿದ್ದರು. ಬೆಂಗಳೂರು ಬ್ಯಾಂಗಲೋರ್ ಆದ ಹಾಗೆ. 2014ರ ನವೆಂಬರ್ 1ರಿಂದ ನಮ್ಮ ಊರು ಕಾಗದದ ಮೇಲೂ ಬೆಂಗಳೂರಾಯಿತು. ಅಲ್ಲಿ 2022ರಲ್ಲಿ ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನದವರು ಎರರಿ ಅನ್ನುವ ಹಳೇ ಹೆಸರನ್ನೇ ಬಳಸುತ್ತೇವೆ ಅಂತ ತೀರ್ಮಾನ ಮಾಡಿದರು.

ತೊಂದರೆಗಳೂ ಇವೆ. ಮಂಡಿ ನೋವಿನವರಿಗೆ ಆ ರಸ್ತೆ ನಡೆದು ಹತ್ತುವುದು ಕಷ್ಟ. ನಾನು ನಾಲ್ಕು ಕಡೆ ಕೂತು ಹತ್ತಿದೆ. ಕಾರಿಲ್ಲದೆ ಹೋಗುವುದಾದರೆ ಬಸ್ಸು ಕಡಿಮೆ, ಸಮಯ ಮೊದಲೇ ನೋಡಿಕೊಳ್ಳಿ. ವಾಪಸ್ ಹೋಗುವ ದಿನ ಮಗ ಬರಲಾಗಲಿಲ್ಲ. ಹತ್ತಿರದ ಪಟ್ಟಣದ ಒಂದು ಟ್ಯಾಕ್ಸಿಯವರಿಗೆ ಹೇಳಿದ್ದೆ, ಒಂದೂವರೆ ಗಂಟೆ ಕಾದರೂ ಬರಲಿಲ್ಲ. ಕಣಿವೆಯ ಕೆಳಗೆ ನನ್ನ ಫೋನಿಗೆ ಸಿಗ್ನಲ್ಲೂ ಸಿಗಲಿಲ್ಲ. ಕೊನೆಗೆ ನರ್ಸ್ ಒಬ್ಬರು ತಮ್ಮ ಕಾರಿನಲ್ಲಿ ಬ್ಯಾಂಗರ್ ಸ್ಟೇಷನ್ ತನಕ ಬಿಟ್ಟರು. ದಾರಿಯುದ್ದಕ್ಕೂ ರಸ್ತೆ ಮೇಲೆ ದೊಡ್ಡದಾಗಿ "ಆರವ್" ಅಂತ ಬರೆದಿತ್ತು. ನಿಧಾನ ಅಂತ. ಇಬ್ಬರೂ ಪ್ರತಿ ಸಲ ಜೋರಾಗಿ ಓದಿಕೊಂಡು ಹೋದೆವು.

ಬೆಂಗಳೂರಿಗೆ ಬಂದ ಮೊದಲ ಭಾನುವಾರವೇ ದಪ್ಪ ರಟ್ಟು ಕತ್ತರಿಸಿ ಹಳದಿ, ಕೆಂಪು ಬಣ್ಣದ ಕಾರ್ಡು ಮಾಡಿದೆ. "ನಾನು ಕನ್ನಡ ಕಲೀತಿದೀನಿ. ಕನ್ನಡದಲ್ಲೇ ಮಾತಾಡಿ" ಅಂತ ಬರೆದು, ಪಿನ್ನು ಹಾಕಿ ಕ್ಲಾಸಿನವರಿಗೆ ಕೊಟ್ಟೆ. ಆದರೆ ಕಾರ್ಡು ಅರ್ಧ ಕೆಲಸ ಅಷ್ಟೇ. ಗೇಟಿನ ಹೊರಗೆ ಸೊಪ್ಪು ಮಾರುವ ಅಮ್ಮ ಇದ್ದಾರೆ, ಹೊಸಕೋಟೆ ಕಡೆಯವರು. ಕ್ಲಾಸಿಗೆ ಮೊದಲು ಅವರ ಹತ್ತಿರ ಹೋಗಿ ಕೂತೆ. "ಅಮ್ಮಾ, ಈ ಕಾರ್ಡು ಹಾಕ್ಕೊಂಡ ಹುಡುಗರು ಬಂದ್ರೆ ಹಿಂದಿ ಆಡಬೇಡಿ, ಸ್ವಲ್ಪ ಕಾಯಿರಿ" ಅಂದೆ. "ಅಯ್ಯೋ, ಅವರಿಗೆ ಕಷ್ಟ ಆಗಬಾರದು ಅಂತ ನಾನು ಹಿಂದಿ ಆಡೋದು ಕಣಮ್ಮಾ" ಅಂದರು. ಎಷ್ಟು ಒಳ್ಳೆಯ ಮನಸ್ಸಿನಿಂದ ನಾವು ನಮ್ಮ ಭಾಷೆಯನ್ನು ಎದುರಿನವರ ಬಾಯಿಂದ ಕಿತ್ತುಕೊಳ್ಳುತ್ತಿದ್ದೇವೆ ಅಂತ ಆ ಕ್ಷಣ ನನಗೆ ಹೊಳೆಯಿತು. ನಾನೂ ಮಾಡಿದ್ದೇನೆ ಅದನ್ನ, ಆಟೋದಲ್ಲಿ, ಲಿಫ್ಟಿನಲ್ಲಿ, ಎಷ್ಟೋ ಸಲ.

ಮಧ್ಯಾಹ್ನ ಭುವನೇಶ್ವರದ ಹುಡುಗ ಹೋಗಿ ನಿಂತ. "ಅಮ್ಮಾ, ನನಗೆ... ನನಗೆ..." ಅಂತ ತಡವರಿಸಿದ. ಆ ಅಮ್ಮ ಕಾದರು. ನಾನು ದೂರದಲ್ಲಿ ನಿಂತು ಉಸಿರು ಹಿಡಿದುಕೊಂಡಿದ್ದೆ. ಅವನು ಕೈ ತೋರಿಸಿದ ಕಟ್ಟನ್ನು ಎತ್ತಿ ಹಿಡಿದು "ಸಬ್ಬಸಿಗೆ" ಅಂದರು. "ಸಬ್ಸಿಗೆ" ಅಂದ ಅವನು. "ಸಬ್‌ಸಿಗೆ ಅಲ್ಲಪ್ಪ, ಸಬ್ಬ-ಸಿ-ಗೆ." ಮೂರನೇ ಸಲಕ್ಕೆ ಸರಿಯಾಯಿತು. ಎರಡು ಕಟ್ಟು ತಗೊಂಡ. ಆ ಬ್ಯಾಚಿನಲ್ಲಿ ಹನ್ನೊಂದು ಜನ ಇದ್ದರು. ಈಗ ನಾಲ್ಕನೇ ತಿಂಗಳು, ಎಂಟು ಜನ ಬರುತ್ತಿದ್ದಾರೆ.

ನಾಂಟ್‌ಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಆ ಏರು ರಸ್ತೆಗೆ ಮತ್ತು ತಲುಪುವ ಕಷ್ಟಕ್ಕೆ. ಕೋರ್ಸುಗಳು ಹಂತ ಹಂತವಾಗಿವೆ, ಮನೆಯಿಂದಲೇ ಆನ್‌ಲೈನ್‌ನಲ್ಲಿ ಕಲಿಯುವ ಕ್ಲಾಸೂ ನಡೆಸುತ್ತಾರೆ. ಮಕ್ಕಳ ಮನೆಗೆ ಹೋಗುವ ದಿನಾಂಕ ಗೊತ್ತಾದ ತಕ್ಷಣ ಬುಕ್ ಮಾಡಿ. ಗಟ್ಟಿ ಬೂಟು, ಮಳೆ ಕೋಟು ಖಂಡಿತ ಬೇಕು. ಕನ್ನಡ ಕಲಿಸುವವರು ಯಾರಾದರೂ ಇದ್ದರೆ, ನೀವಂತೂ ಒಂದು ಸಲ ಹೋಗಲೇಬೇಕು.

ನಾನು ಮುಂದಿನ ವರ್ಷ ಎರಡನೇ ಹಂತಕ್ಕೆ ಹೋಗುತ್ತೇನೆ. ಸರ್ಜಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಡ್ಯುಯೋಲಿಂಗೋದಲ್ಲಿ ದಿನಾ ಹದಿನೈದು ನಿಮಿಷ ವೆಲ್ಷ್ ಮಾಡುತ್ತಿದ್ದೇನೆ. ಅದೇ ಕೌಂಟರಿನ ಮುಂದೆ ನಿಂತು, ಈ ಸಲ ಅವರು ಜಗ್ ಎತ್ತುವುದಕ್ಕೆ ಮೊದಲೇ "ಲ್ಲೆವ್ರಿಥ್" ಅಂತ ನಾನೇ ಕೇಳಬೇಕು.